ಅಲಸಂದೆ ಬಸಿದ ನೀರು

ಅಲಸಂದೆ ಕಾಳನ್ನು ಎರಡು ಸಲ ಬೇಯಿಸಬೇಕು ಎಂದು ನನಗೆ ಹೇಳಿಕೊಟ್ಟವಳು ನನ್ನ ಮಗಳು. ಹಿಂದಿನ ದಿನ ನೆನೆಹಾಕಿದ ನೀರನ್ನು ಬೆಳಿಗ್ಗೆ ಚೆಲ್ಲುವುದು. ಅಗಲ ಬಾಯಿಯ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಕಾಳು ಅರೆಬೇಯುವವರೆಗೆ ಕುದಿಸಿ ಆ ನೀರನ್ನೂ ಬಸಿದು ಚೆಲ್ಲುವುದು. ಮತ್ತೆ ಹೊಸ ನೀರು ಹಾಕಿ ಮೆತ್ತಗೆ ಬೇಯಿಸುವುದು. ಅಷ್ಟಾದ ಮೇಲೆ ಮಸಾಲೆ, ಒಗ್ಗರಣೆ ಎಲ್ಲ. ಅವಳು ಕುಮಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹೇಳಿದ್ದು ಸಾಲದೆಂದು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅಡುಗೆ ಮಾಡಲು ಹಿಡಿದು ಮೂವತ್ತು ವರ್ಷವಾದವಳು, ಅದೂ ಹೋಟೆಲ್ ಅಡುಗೆಯವರ ಹೆಂಡತಿ, ಕಾಳು ಬೇಯಿಸುವುದನ್ನು ಆ ಹಾಳೆ ನೋಡಿ ಮೊದಲಿಂದ ಕಲಿತೆ.

ನಮ್ಮನೆಯವರು ಮುರ್ಡೇಶ್ವರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಒಲೆಯ ಮುಂದೆ ನಿಂತೇ ಆಯುಷ್ಯ ಕಳೆದವರು. ಬೆಳಿಗ್ಗೆ ಹೊನ್ನಾವರದಿಂದ ಮೊದಲ ಬಸ್ಸಿಗೆ ಹೊಳೆ ದಾಟಿ ಹೋದರೆ ಸಂಜೆ ಬರುತ್ತಿದ್ದರು. ಅವರ ಅಂಗಿಗೆ ಯಾವಾಗಲೂ ಹುರಿದ ಕೊತ್ತಂಬರಿಯ ವಾಸನೆ. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಮೊದಲು ಕಾಲು ಊದಿತು, ಆಮೇಲೆ ಮುಖ. ಎರಡೂ ಕಿಡ್ನಿ ಹೋಗಿವೆ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಕುಮಟೆಗೆ ಹೋಗಿ ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಬರುವುದು ಎಂದಾಯಿತು. ಎಳನೀರು ಬಂದ್, ಬಾಳೆಹಣ್ಣು ಬಂದ್, ಹುಣಸೆಹುಳಿ ಬಂದ್, ಉಪ್ಪು ಹೆಸರಿಗಷ್ಟೆ, ತೆಂಗಿನಕಾಯಿ ಒಂದು ಚಮಚ. ಕುಡಿಯುವ ನೀರು ಕೂಡ ಒಂದು ಬಾಟಲಿಯಲ್ಲಿ ತುಂಬಿಟ್ಟದ್ದು ಎಷ್ಟೋ ಅಷ್ಟೆ. ಕಾಯಿ ಇಲ್ಲದೆ ಅಡುಗೆ ಮಾಡು ಎಂದು ಈ ಕಡೆಯ ಹೆಂಗಸರಿಗೆ ಹೇಳಿದರೆ ಒಲೆಯಿಲ್ಲದೆ ಮಾಡು ಎಂದ ಹಾಗೆ ಕೇಳುತ್ತದೆ.

ಕಾಳು ಸ್ವಲ್ಪ ತಿನ್ನಬಹುದು, ಮೈಗೆ ಬಲ ಬೇಕಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ನೀರು ಬಸಿದು. ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯಕ್ಕೇ ಅಪಾಯ, ಬಸಿದರೆ ಅದರಲ್ಲಿ ಬಹಳಷ್ಟು ನೀರಿನ ಜೊತೆ ಹೋಗುತ್ತದೆ ಎಂದು ಮಗಳು ವಿವರಿಸಿದಳು.

ಮೊದಲ ದಿನದ ಪದಾರ್ಥವನ್ನು ನಮ್ಮನೆಯವರ ಬಟ್ಟಲಿಗೆ ಬಡಿಸಿದಾಗ ಅವರು ಎರಡು ಕಾಳು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

“ಇದೆಂತ ಮಾರಾಯ್ತಿ, ಕಾಳು ಮಿಂದ್ಕಂಡು ಬಂದ ಹಾಗೆ ಅದೆ.”

“ಎರಡು ಸಲ ಮಿಂದವೆ,” ಎಂದೆ.

“ಸೋಪು ಹಾಕಿದ್ಯಾ?”

ನಕ್ಕೆವು. ಆದರೆ ಅವರು ಅರ್ಧಕ್ಕೇ ಕೈ ತೊಳೆದರು. ಹೊಟ್ಟೆ ತುಂಬಿತು ಎಂದರು. ನನಗೆ ಅದು ಸುಳ್ಳೆಂದು ಗೊತ್ತಿತ್ತು. ಇನ್ನೊಬ್ಬರ ಅಡುಗೆಯನ್ನು ಅವರು ಯಾವತ್ತೂ ಹಾಳು ಎಂದವರಲ್ಲ. ಹೊಟ್ಟೆ ತುಂಬಿತು ಎಂದರೆ ತಿನ್ನಲಾಗಲಿಲ್ಲ ಎಂದು ತಿಳಿದುಕೊಳ್ಳಬೇಕು.

ಆಮೇಲೆ ನಾನು ಹಠಕ್ಕೆ ಬಿದ್ದೆ. ಉಪ್ಪು, ಹುಳಿ, ಕಾಯಿ ಮೂರೂ ಇಲ್ಲದಾಗ ಉಳಿಯುವುದೇನು? ಪರಿಮಳ. ಕೊತ್ತಂಬರಿ ಕಾಳನ್ನು ಸಣ್ಣ ಉರಿಯಲ್ಲಿ, ಬೇರೆ ಯಾವ ಕೆಲಸಕ್ಕೂ ಏಳದೆ ಹುರಿದೆ. ನಾಲ್ಕೇ ಮೆಂತೆ, ನಾಲ್ಕು ಕಾಳುಮೆಣಸು. ಬೆಂದ ಅಲಸಂದೆಯಲ್ಲೇ ಒಂದು ಮುಷ್ಟಿ ತೆಗೆದು ಮಸಾಲೆ ಜೊತೆ ನುಣ್ಣಗೆ ರುಬ್ಬಿದೆ. ಕಾಯಿ ಹಾಕಿದ ಹಾಗೆ ಮಂದವಾಗಬೇಕಲ್ಲ. ಬೆಳ್ಳುಳ್ಳಿ ಎಸಳುಗಳನ್ನು ಸಿಪ್ಪೆಸಮೇತ ಜಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಕೆಂಪು ತಿರುಗುವವರೆಗೆ ಹುರಿದು, ಒಗ್ಗರಣೆ ಹಾಕಿದ ತಕ್ಷಣ ತಟ್ಟೆ ಮುಚ್ಚಿದೆ. ಬಡಿಸುವಾಗ ನಾಲ್ಕು ಹನಿ ಲಿಂಬೆ. ಒಲೆಯ ಮೇಲೆ ಲಿಂಬೆ ಹಿಂಡಿದರೆ ಕಹಿ. ಮೂರನೆಯ ವಾರವೋ ನಾಲ್ಕನೆಯದೋ, ಬಟ್ಟಲು ಬರಿದು ಮಾಡಿ, “ಆತು. ಇದು ಉಣ್ಲಕ್ಕು,” ಎಂದರು. ಉಣ್ಣಬಹುದು ಎಂಬ ಆ ಮಾತು ಮಗಳಿಗೆ ಹೊಗಳಿಕೆ ಎಂದೇ ಅನಿಸಲಿಲ್ಲ. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಇಷ್ಟೇ ಆಗಿದ್ದರೆ ಬರೆಯುವ ಕಾರಣವಿರಲಿಲ್ಲ. ಸಮಸ್ಯೆ ಆ ಬಸಿದ ನೀರಿನದು.

ಕಾಳು ಬೆಂದ ನೀರಿಗೆ ನಾವು ಕಟ್ಟು ಎನ್ನುತ್ತೇವೆ. ನನ್ನ ತವರು ಕಾಗಾಲದಲ್ಲಿ ಭತ್ತ ಕೊಯ್ದ ಗದ್ದೆಯಲ್ಲೇ ಅಲಸಂದೆ, ಹೆಸರು, ಉದ್ದು ಬಿತ್ತುತ್ತಿದ್ದರು. ಅಲ್ಲಿ ಕಟ್ಟನ್ನು ಚೆಲ್ಲಿದವರನ್ನು ನಾನು ಕಂಡಿಲ್ಲ. ಬಾಣಂತಿಗೆ ಕಟ್ಟು, ಜ್ವರ ಬಿಟ್ಟವರಿಗೆ ಕಟ್ಟು, ಗದ್ದೆಯಿಂದ ಬಂದವರಿಗೆ ಅನ್ನದ ಮೇಲೆ ಕಟ್ಟಿನ ಸಾರು. ಕಾಳಿನ ಸತ್ವವೆಲ್ಲ ಅದರಲ್ಲೇ ಇದೆಯೆಂದು ಕೇಳಿ ಬೆಳೆದ ಕೈ ನನ್ನದು. ಮೊದಲ ವಾರ ಹಾಳೆಯಲ್ಲಿದ್ದಂತೆ ಸಿಂಕಿಗೆ ಸುರಿದೆ. ಕಂದು ಬಣ್ಣದ ಆ ನೀರು ಹಬೆಯಾಡುತ್ತ ಇಳಿದುಹೋಗುವಾಗ ಏನೋ ತಪ್ಪು ಮಾಡಿದ ಹಾಗೆ ಆಚೀಚೆ ನೋಡಿದೆ. ಎರಡನೆಯ ವಾರ ಆರಿಸಿ ತೆಂಗಿನ ಬುಡಕ್ಕೆ ಹಾಕಿದೆ. ಮೂರನೆಯ ವಾರ ಮಗಳನ್ನು ಕೇಳಿದೆ.

“ನಮಗಿಬ್ಬರಿಗೆ ಸಾರು ಮಾಡ್ಲನೆ? ನಮ್ಮ ಕಿಡ್ನಿ ಸರಿ ಅದೆಯಲ್ಲ.”

“ಮಾಡು ಆಯಿ. ಅಪ್ಪಂಗೆ ಮಾತ್ರ ಒಂದು ಹನಿ ಬೇಡ. ಡಾಕ್ಟ್ರು ಬೇಡ ಅಂದದ್ದೆಲ್ಲ ಆ ನೀರಲ್ಲೇ ಇರೂದು. ಗೊತ್ತಾತಾ?”

ಗೊತ್ತಾಗಿತ್ತು. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ತಿಳಿಯದೆ ಮಾಡಿದೆ ಎಂದು ನಾನು ಹೇಳುವ ಹಾಗಿಲ್ಲ.

ಒಂದೇ ಕಾಳಿನಿಂದ ಒಂದೇ ಒಲೆಯ ಮೇಲೆ ಎರಡು ಪಾತ್ರೆ ಇಡುವುದು ಹೀಗೆ ಶುರುವಾಯಿತು. ಒಂದರಲ್ಲಿ ಅವರ ಪದಾರ್ಥ, ಇನ್ನೊಂದರಲ್ಲಿ ನಮ್ಮ ಸಾರು. ಹುಳಿಗೆ ಮುರುಗಲು ಸಿಪ್ಪೆ ಹಾಕಿ, ಹುರಿದ ಕೊತ್ತಂಬರಿ, ಮೆಣಸು ಜಜ್ಜಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಸಾರು. ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವರು ಅಡುಗೆಮನೆಯ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಿದ್ದರು. ಒಲೆಯ ಸಮೀಪ ಇಲ್ಲದಿದ್ದರೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ.

ಒಂದು ಸೋಮವಾರ ಕೈ ಚಾಚಿದರು. “ಒಂದು ಹನಿ ಹಾಕು ಕಾಂಬ. ಕುಡಿಯೂಕಲ್ಲ, ನೋಡೂಕೆ.”

ಹೋಟೆಲಿನಲ್ಲಿ ಅವರು ಸಾರು ನೋಡುತ್ತಿದ್ದದ್ದೇ ಹಾಗೆ. ಸೌಟಿನಿಂದ ಎಡಗೈ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನಾಲಿಗೆಗೆ ತಾಗಿಸುವುದು. ಒಂದು ಹನಿಯಿಂದ ಏನಾಗುತ್ತದೆ ಎಂದುಕೊಂಡು ನಾನು ಹಾಕಿದೆ. ಅವರು ಕಣ್ಣು ಮುಚ್ಚಿ ನೆಕ್ಕಿದರು. “ಕೊತ್ತಂಬರಿ ಒಂದು ಸುತ್ತು ಹೆಚ್ಚು ಹುರಿದ್ಯೆ. ಮುರುಗಲು ಹಳೇದು.” ಎರಡೂ ನಿಜ. ಆರು ತಿಂಗಳ ನಂತರ ಅವರ ದನಿಯಲ್ಲಿ ಮೊದಲಿನ ಆ ಅಧಿಕಾರ ಕೇಳಿದೆ. ಮುಂದಿನ ಸೋಮವಾರ ಹನಿ ಒಂದು ಚಮಚವಾಯಿತು. ಅದರ ಮುಂದಿನ ವಾರ ಅನ್ನದ ಮೇಲೆ ಅರ್ಧ ಸೌಟು. ಬೇಡ ಎಂದು ಎರಡು ಸಲ ನಾನು ಹೇಳಿದ್ದು ನಿಜ, ಮೂರನೆಯ ಸಲ ಹೇಳದಿದ್ದದ್ದೂ ನಿಜ. ಆ ಅರ್ಧ ಸೌಟಿಗೆ ಅವರು ತಟ್ಟೆ ತುಂಬ ಅನ್ನ ಉಣ್ಣುತ್ತಿದ್ದರು. ಮೈ ಇಳಿದು ಬರೀ ಎಲುಬಾದ ಮನುಷ್ಯ ಎದುರಿಗೆ ಕೂತು ಹೊಟ್ಟೆ ತುಂಬ ಉಣ್ಣುವುದನ್ನು ನೋಡುವ ಆಸೆ ನನ್ನದಾಗಿತ್ತು. ಅವರಿಗಿಂತ ಹೆಚ್ಚು ನನ್ನದು ಎಂದು ಈಗ ಅನಿಸುತ್ತದೆ.

ಶುಕ್ರವಾರ ಡಯಾಲಿಸಿಸ್ ಆದರೆ ಮತ್ತೆ ಮಂಗಳವಾರವೇ. ನಡುವೆ ಮೈಯಲ್ಲಿ ಸೇರಿದ್ದೆಲ್ಲ ಸೋಮವಾರದ ಹೊತ್ತಿಗೆ ತುಂಬಿಕೊಂಡಿರುತ್ತದೆ. ಹೆಚ್ಚು ಜಾಗ್ರತೆ ಬೇಕಾದ ದಿನವೇ ಅದು. ಹಾಳೆಯಲ್ಲಿ ಅದೂ ಬರೆದಿತ್ತು.

ಆರೇಳು ಸೋಮವಾರ ಏನೂ ಆಗಲಿಲ್ಲ. ಆಮೇಲಿನ ಸೋಮವಾರ ಅವರು ಬಟ್ಟಲು ಕೇಳಿದರು, ನಾನು ಬಟ್ಟಲು ತುಂಬ ಕೊಟ್ಟೆ. ಮಧ್ಯಾಹ್ನ ಮೂರರ ಸುಮಾರಿಗೆ ಹಿತ್ತಲಿನಿಂದ ಒಗೆದ ಬಟ್ಟೆ ತೆಗೆದುಕೊಂಡು ಒಳಗೆ ಬರುತ್ತೇನೆ, ಅವರು ಕುರ್ಚಿಯಿಂದ ಏಳಲಾಗದೆ ಹಿಡಿಕೆ ಹಿಡಿದು ಕೂತಿದ್ದಾರೆ. “ಕಾಲು ನಂದಲ್ಲ ಅನಸ್ತದೆ,” ಎಂದರು. ತುಟಿ ಬೆಳ್ಳಗಾಗಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಕುಮಟೆಗೆ ಹೊರಟೆವು. ಕರ್ಕಿ, ಹಳದೀಪುರ, ಒಂದೊಂದು ಊರು ದಾಟುವುದೂ ಒಂದು ಯುಗದ ಹಾಗೆ. ನಾಡಿ ಮೆಲ್ಲಗೆ ಬಡಿಯುತ್ತಿತ್ತು. ನಡುನಡುವೆ ನಿಂತಂತೆ ಆಗಿ ನನ್ನ ಬೆರಳು ಅಲ್ಲಿಯೇ ಕಾಯುತ್ತಿತ್ತು.

ಆಸ್ಪತ್ರೆಯಲ್ಲಿ ಓಡಾಡಿ ಚುಚ್ಚುಮದ್ದು ಕೊಟ್ಟರು, ಬೇರೆಯವರ ಸರದಿ ಮುಂದೆ ಹಾಕಿ ಯಂತ್ರಕ್ಕೆ ಜೋಡಿಸಿದರು. ಮಗಳು ಶಾಲೆಯಿಂದ ಹಾಗೆಯೇ ಬಂದಳು. ಕೈಯಲ್ಲಿ ಚಾಕ್‌ಪೀಸಿನ ಪುಡಿ ಇತ್ತು. ಉಸಿರು ಹತೋಟಿಗೆ ಬಂದ ಮೇಲೆ ಡಯಾಲಿಸಿಸ್‌ನ ಸಿಸ್ಟರು ಸೊಂಟಕ್ಕೆ ಕೈಯಿಟ್ಟು ಮಂಚದ ಪಕ್ಕ ನಿಂತರು.

“ಅಣ್ಣ, ಎಂತ ತಿಂದ್ರಿ ಹೇಳಿ. ಎಳನೀರು ಕುಡಿದ್ರಾ?”

“ಇಲ್ಲ.”

“ಹಾಗಾದ್ರೆ ಪೊಟ್ಯಾಶಿಯಂ ಆಕಾಶದಿಂದ ಬಿತ್ತಾ?”

“ಮನೇಲಿ ಎಂತದೂ ಇರೂದಿಲ್ಲ ಸಿಸ್ಟರ್,” ಎಂದಳು ಮಗಳು. “ನಮ್ಮ ಆಯಿ ಪ್ರತಿಯೊಂದನ್ನೂ ನೀರು ಚೆಲ್ಲಿಯೇ ಮಾಡೂದು.”

ನಾನು ಮಂಚದ ಕಾಲ ಬದಿಯಲ್ಲಿ ನಿಂತಿದ್ದೆ. ಬಾಯಿ ತೆರೆದೆ. ಆಗ ನಮ್ಮನೆಯವರು ಆಕ್ಸಿಜನ್ ಮಾಸ್ಕನ್ನು ಕೈಯಿಂದ ಸರಿಸಿದರು.

“ನಿನ್ನೆ ಪೇಟೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಲ್ಲಿ ಬಾಳೆಹಣ್ಣು ತಿಂದೆ.”

“ಎಷ್ಟು?” ಎಂದರು ಸಿಸ್ಟರು.

“ಮೂರು. ಅಲ್ಲ, ನಾಲ್ಕು.”

“ನಾಲ್ಕಾ ಅಪ್ಪ!” ಮಗಳ ದನಿ ಒಡೆಯಿತು. “ಆಯಿ ಬೆಳಗಿಂದ ಸಂಜೆವರೆಗೆ ಒಲೆ ಮುಂದೆ ಸಾಯ್ತಾಳೆ, ನೀವು ಬಸ್ ಸ್ಟ್ಯಾಂಡಲ್ಲಿ ನಿಂತು ನಾಲ್ಕು ಬಾಳೆಹಣ್ಣು ತಿಂತ್ರಾ? ಸಣ್ಣ ಮಕ್ಕಳಿಗಿಂತ ಕಡೆ ಆದ್ರಿ.”

ಅವರು ಮಾಸ್ಕ್ ಮತ್ತೆ ಹಾಕಿಕೊಂಡು ಗೋಡೆ ಕಡೆ ತಿರುಗಿದರು. ನಾನು ಬಾಯಿ ಮುಚ್ಚಿದೆ. ಆ ಕ್ಷಣಕ್ಕೆ ನನಗೆ ಆದದ್ದು ಸಮಾಧಾನ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಸಮಾಧಾನವೇ.

ಮೂರನೆಯ ದಿನ ಮನೆಗೆ ಬಂದೆವು. ಮಗಳು ಸ್ನಾನಕ್ಕೆ ಹೋಗಿದ್ದಾಗ ನಾನು ಮೆಲ್ಲಗೆ, “ನಾ ಅವಳಿಗೆ ಹೇಳ್ತೆ,” ಎಂದೆ.

“ಎಂತ ಹೇಳ್ತೆ? ಸುಮ್ನಿರು. ನಿನ್ನ ಕೈಯಡಿಗೆ ಮೇಲೆ ಅವಳಿಗೆ ನಂಬಿಕೆ ಅದೆ. ಅದು ಹೋದ್ರೆ ಸೌಟು ಅವಳು ಹಿಡೀತಾಳೆ. ಅವಳ ಅಡುಗೆ ಉಂಡು ನಾ ಬದುಕೂದು ಹ್ಯಾಂಗೆ?” ನಗಿಸಲು ಹೇಳಿದ ಮಾತು. ಆಮೇಲೆ ನಗದೆ ಹೇಳಿದರು: “ನಾ ಕೇಳಿದೆ, ನೀ ಕೊಟ್ಟೆ. ಕೇಳಿದವಂದೇ ತಪ್ಪು. ಬಿಟ್ಟಾಕು.”

ಬಿಟ್ಟುಹಾಕಿದೆ. ಆ ಸುಳ್ಳು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆವು. ಕೆಲಸ ಬಿಟ್ಟ ಮೇಲೂ ಪ್ರತಿ ಶನಿವಾರ ಬೆಳಿಗ್ಗೆ ಅವರು ಬಸ್ಸಿನಲ್ಲಿ ಮುರ್ಡೇಶ್ವರಕ್ಕೆ ಹೋಗಿ ಹಳೆಯ ಹೋಟೆಲಿನ ಹಿಂಬದಿಯಲ್ಲಿ ಎರಡು ತಾಸು ಕೂತು ಬರುತ್ತಿದ್ದರು. ಅಲ್ಲಿ ಏನೂ ತಿನ್ನುತ್ತಿರಲಿಲ್ಲ. ಹೊಸ ಅಡುಗೆಯವರಿಗೆ ಬೈಯುವುದು, ಹಳಬರ ಹತ್ತಿರ ಬೈಸಿಕೊಳ್ಳುವುದು, ಅಷ್ಟೆ. ಮಗಳು ಅದನ್ನು ನಿಲ್ಲಿಸಿದಳು. ಬಾಳೆಹಣ್ಣು ಕಂಡರೆ ತಡೆಯದವರು ಹೋಟೆಲಿಗೆ ಹೋಗಿ ಸುಮ್ಮನಿರುತ್ತಾರೆಯೇ ಎಂಬುದು ಅವಳ ಲೆಕ್ಕ. ಅದರಲ್ಲಿ ತಪ್ಪೇನಿತ್ತು? ಮೊದಲೆರಡು ಶನಿವಾರ ಅವರು ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತರು. ಮೂರನೆಯ ಶನಿವಾರ ಅಂಗಿಯನ್ನೂ ಹಾಕಲಿಲ್ಲ.

ಭಟ್ಕಳದಲ್ಲಿರುವ ಅತ್ತಿಗೆಗೆ, ಅಂದರೆ ಅವರ ಅಕ್ಕನಿಗೆ, ಮಗಳು ಫೋನಿನಲ್ಲಿ ಎಲ್ಲ ಹೇಳಿದಳು. ಅತ್ತಿಗೆ ನೋಡಲು ಬಂದವರು ಬಾಗಿಲಲ್ಲೇ ಶುರುಮಾಡಿದರು. “ಏನೋ, ಅರವತ್ತಾದ್ರೂ ಬುದ್ಧಿ ಬರಲಿಲ್ಯನೋ? ಸಣ್ಣಿರುವಾಗ ದೇವರ ಮುಂದಿಟ್ಟದ್ದನ್ನೂ ಬಿಡ್ತಿರಲಿಲ್ಲ ಇವ. ನಾಲ್ಕಂತೆ! ಚಿಪ್ಪು ಪೂರ್ತಿ ತಗಂಡು ಬಿಡೂಕಾಗಿತ್ತು!” ಎಲ್ಲರೂ ನಕ್ಕರು. ಅವರೂ ನಕ್ಕರು. ನಾನು ಚಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಆ ಮೇಲೆ ನಾನು ಕಟ್ಟಿನ ಸಾರು ಮಾಡಲಿಲ್ಲ. ಬಸಿದದ್ದನ್ನೆಲ್ಲ ಸಿಂಕಿಗೇ ಸುರಿದೆ, ನಲ್ಲಿ ಬಿಟ್ಟು ತೊಳೆದೆ. ಅವರು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಂದ ತೆಗೆದು ಜಗಲಿಗೆ ಒಯ್ದಿದ್ದರು. ಒಯ್ಯಿರಿ ಎಂದು ನಾನೂ ಹೇಳಿರಲಿಲ್ಲ, ಮಗಳೂ ಹೇಳಿರಲಿಲ್ಲ. ಬಡಿಸಿದ್ದನ್ನು ಒಂದಗುಳು ಬಿಡದೆ ಉಣ್ಣುತ್ತಿದ್ದರು. ಮಸಾಲೆ ಸ್ವಲ್ಪ ಸೀದ ದಿನವೂ, ಬೇಕೆಂದೇ ಬೆಳ್ಳುಳ್ಳಿ ಹಾಕದೆ ಇಟ್ಟ ದಿನವೂ ಒಂದು ಮಾತಿಲ್ಲ. “ಹ್ಯಾಂಗದೆ?” ಎಂದು ಕೇಳಿದರೆ, “ಆತು,” ಎನ್ನುತ್ತಿದ್ದರು. ಉಣ್ಲಕ್ಕು ಎಂಬುದು ಹೋಗಿ ಆತು ಒಂದೇ ಉಳಿದಿತ್ತು. ನನ್ನ ಅಡುಗೆಯಲ್ಲಿ ಅವರು ತಪ್ಪು ಹುಡುಕಲಿ ಎಂದು ನಾನು ಕಾದ ಹಾಗೆ ಯಾವ ಹೆಂಡತಿಯೂ ಕಾದಿರಲಿಕ್ಕಿಲ್ಲ.

ಐದು ತಿಂಗಳ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ, ಕುಮಟೆಗೆ ಹೊರಡಲು ಚಪ್ಪಲಿ ಮೆಟ್ಟುವಾಗ ಬಾಗಿದವರು ಏಳಲಿಲ್ಲ. ಹೃದಯ ಸೋತಿತ್ತು. ಡಯಾಲಿಸಿಸ್ ಮೇಲಿದ್ದವರಲ್ಲಿ ಹೀಗಾಗುತ್ತದೆ, ಇಂಥದೇ ಕಾರಣ ಎನ್ನಲಾಗದು ಎಂದರು ಡಾಕ್ಟರು. ಆ ಸಾರಿಗೂ ಇದಕ್ಕೂ ಸಂಬಂಧ ಇದೆಯೇ ಎಂದು ನಾನು ಯಾರನ್ನೂ ಕೇಳಿಲ್ಲ. ಇಲ್ಲ ಎಂದರೆ ನಂಬಿಕೆಯಾಗದು, ಹೌದು ಎಂದರೆ ತಡೆಯಲಾಗದು.

ಮಾತಾಡಿಸಲು ಬಂದವರ ಹತ್ತಿರ ಮಗಳು ಬಾಳೆಹಣ್ಣಿನ ಕತೆ ಹೇಳುತ್ತಿದ್ದಳು. ಅಪ್ಪನ ಮೇಲಿನ ಪ್ರೀತಿಯಲ್ಲೇ ಹೇಳುತ್ತಿದ್ದಳು, ಅರ್ಧ ನಗುತ್ತ, ಅರ್ಧ ಅಳುತ್ತ. “ನಮ್ಮ ಅಪ್ಪಂಗೆ ಬಾಯಿ ಕಟ್ಟೂಕೆ ಆಗ್ಲಿಲ್ಲ, ಅದೊಂದೇ.” ಕೇಳಿದವರು ತಲೆಯಾಡಿಸುತ್ತಿದ್ದರು. ವರ್ಷ ತುಂಬುವುದರೊಳಗೆ ಊರಿನಲ್ಲಿ ಅವರು ಬಾಯಿಚಪಲಕ್ಕೆ ಜೀವ ಕಳೆದುಕೊಂಡವರು ಎಂದಾಗಿಬಿಟ್ಟಿತು. ಇಷ್ಟು ವರ್ಷ ಊರವರಿಗೆ ಬಡಿಸಿ, ತಾನು ಎಲ್ಲರಾದ ಮೇಲೆ ನಿಂತುಕೊಂಡೇ ಉಂಡ ಮನುಷ್ಯ.

ಒಂದು ಭಾನುವಾರ ಅವಳ ಶಾಲೆಯ ಟೀಚರೊಬ್ಬರು ಬಂದಿದ್ದಾಗ ಮತ್ತೆ ಅದೇ ಕತೆ. ಅವರು ಹೋಗುವವರೆಗೆ ಕಾದೆ. ಮಗಳು ಲೋಟ ಎತ್ತುತ್ತಿದ್ದಳು.

“ಬಾಳೆಹಣ್ಣು ತಿಂದದ್ದು ಸುಳ್ಳು. ಕಟ್ಟಿನ ಸಾರು ಕೊಟ್ಟವಳು ನಾನು,” ಎಂದೆ.

ಅವಳು ಲೋಟ ಕೆಳಗಿಟ್ಟಳು. “ಎಷ್ಟು ಸಲ?”

“ಏಳೆಂಟು ಸೋಮವಾರ.”

“ನಂಗೆ ಸಿಟ್ಟು ಬತ್ತದೆ ಅಂತ ಹೇಳಲಿಲ್ಯಾ?”

“ಅವರು ಹೇಳೂದು ಬೇಡ ಅಂದ್ರು.”

ಅವಳು ನನಗೆ ಬೈಯುತ್ತಾಳೆ ಎಂದು ನಾನು ಸಿದ್ಧಳಾಗಿ ನಿಂತಿದ್ದೆ. ಬೈಯಲಿಲ್ಲ. ಅಲ್ಲಿಯೇ ನೆಲದ ಮೇಲೆ ಕೂತಳು. “ಸಣ್ಣ ಮಕ್ಕಳಿಗಿಂತ ಕಡೆ ಅಂದೆ ಆಯಿ ನಾನು. ಸಿಸ್ಟರ್ ಎದುರಿಗೆ. ಶನಿವಾರ ಮುರ್ಡೇಶ್ವರಕ್ಕೆ ಹೋಗೂಕೆ ಬಿಡಲಿಲ್ಲ. ಅಪ್ಪ ಒಂದು ಮಾತು ಹೇಳಬೌದಿತ್ತು. ನೀನಾದ್ರೂ ಹೇಳಬೌದಿತ್ತು.” ಮತ್ತೆ ಲೋಟ ಕೈಗೆತ್ತಿಕೊಂಡು, “ಭಟ್ಕಳದ ಅತ್ತೆಗೆ ನಾನೇ ಹೇಳಿದ್ದು. ಅದನ್ನು ನೀನು ಸರಿಮಾಡು,” ಎಂದಳು.

ಮಾರನೆಯ ದಿನ ಭಟ್ಕಳಕ್ಕೆ ಹೋದೆ. ಅತ್ತಿಗೆ ಅಂಗಳದಲ್ಲಿ ಹೂ ಕಟ್ಟುತ್ತಿದ್ದರು. ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು. ಮಾಲೆ ಮುಗಿದ ಮೇಲೆ ದಾರ ಹರಿದು ತಲೆಯೆತ್ತಿದರು.

“ಈಗ ಯಾಕೆ ಹೇಳ್ದೆ?”

“ಅವರ ಹೆಸರು ಹಾಳಾತು ಅಲ್ದಾ, ನನ್ನಿಂದಾಗಿ.”

“ನಿನ್ನ ಹೆಸರು ಉಳೀಲಿ ಅಂತ ತನ್ನ ಹೆಸರು ಕೊಟ್ಟ ಅವ. ಕೊಟ್ಟಾಗಿತ್ತು. ನಾವು ನಗ್ತಿದ್ರೂ ಎದುರಿಗೆ ಕೂತು ನಕ್ಕ. ಅದನ್ನ ನೀ ವಾಪಸ್ ಕೊಡೂಕೆ ಬಂದ್ಯಾ? ಯಾರಿಗೆ ಕೊಡ್ತೆ? ಅವ ಎಲ್ಲಿದ್ದ?”

ಸಿಟ್ಟಿನ ದನಿಯಲ್ಲ. ನಿಜವಾಗಿ ಕೇಳಿದ ಹಾಗಿತ್ತು. ಆಮೇಲೆ ಅವರೇ ಮಾಲೆಯನ್ನು ಬದಿಗಿಟ್ಟು, “ನಾ ಎಷ್ಟು ನಗಾಡ್ದೆ ಅವಂಗೆ,” ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಇಬ್ಬರೂ ಅಂಗಳದಲ್ಲಿ ಕೂತು ಅತ್ತೆವು. ಬಿಸಿಲು ಜಗಲಿಗೆ ಬಂದಾಗ ಅವರು ಎದ್ದು ನನಗೆ ಊಟಕ್ಕೆ ಹಾಕಿದರು.

ಈಗ ಯಾರಾದರೂ ಅಪ್ಪನ ಬಗ್ಗೆ ಕೇಳಿದರೆ ಮಗಳು, “ಕಿಡ್ನಿ ಹೋಗಿತ್ತು,” ಎನ್ನುತ್ತಾಳೆ. ಅಷ್ಟು ಹೇಳಿ ನಿಲ್ಲಿಸುತ್ತಾಳೆ. ಆಗ ಅವಳು ನನ್ನ ಕಡೆ ನೋಡುವುದಿಲ್ಲ, ನಾನೂ ಅವಳ ಕಡೆ ನೋಡುವುದಿಲ್ಲ.